ಪಂಪ್ ಬಿಚ್ಚಿದೆ, ಬಿಚ್ಚಬೇಕಿದ್ದದ್ದು ಡೀಸೆಲ್ ಕ್ಯಾಪ್

ನಮ್ಮ ಕಡೆ ಮಣ್ಣು ಅಗೆಯುವ ಚೈನ್ ಗಾಡಿ ಯಾವ ಕಂಪನಿಯದ್ದೇ ಇರಲಿ, ಅದು ಹಿಟಾಚಿಯೇ. ಚಿಕ್ಕದಾದರೆ ಮಿನಿ ಹಿಟಾಚಿ. ಟೈರ್ ಇದ್ದರೆ ಜೆಸಿಬಿ. ಕಂಪನಿಯವರು ತಲೆ ಚಚ್ಚಿಕೊಂಡರೂ ಇದು ಬದಲಾಗಲ್ಲ. ನಾನು ಗಂಗಾವತಿಯಲ್ಲಿ ಇಂಥ ಮಿನಿ ಗಾಡಿಗಳ ರಿಪೇರಿ ಮಾಡುತ್ತೇನೆ. 2 ಟನ್‌ನಿಂದ 8 ಟನ್‌ವರೆಗಿನವು. ಹೆಚ್ಚಿನವು ಮೂರನೆಯ, ನಾಲ್ಕನೆಯ ಓನರ್ ಕೈಗೆ ಬಂದವು. ಗಾಡಿ ಎಷ್ಟು ಗಂಟೆ ಓಡಿದೆ ಅಂತ ಅವರ್ ಮೀಟರ್ ಏನು ತೋರಿಸಿದರೂ ನಾನು ನಂಬುವುದಿಲ್ಲ. ಪೆಡಲ್ ರಬ್ಬರ್ ಎಷ್ಟು ಸವೆದಿದೆ, ಬಕೆಟ್ ಪಿನ್ ಎಷ್ಟು ಲಟಲಟ ಅನ್ನುತ್ತೆ ಅಂತ ನೋಡಿದರೆ ಗಾಡಿಯ ವಯಸ್ಸು ಗೊತ್ತಾಗುತ್ತೆ.

ಈಗ ಹೇಳುವುದು ನನ್ನದೇ ತಪ್ಪು. ಎರಡು ಬೇಸಿಗೆ ಹಿಂದಿನದು.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಂತ ಮೇಲೆ ಕಾರಟಗಿ ಕಡೆ ಒಂದು ಉಪಕಾಲುವೆಯ ಹೂಳು ತೆಗೆಯುತ್ತಿದ್ದರು. 5 ಟನ್ ಗಾಡಿ, ಹಳೆಯ ಮಾಡೆಲ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಪರದೆ ಮೇಲೆ ಕೋಡ್ ಬರುವ ಮಾತೇ ಇಲ್ಲ. ಆಪರೇಟರ್ ಫೋನ್ ಮಾಡಿದ: "ಅಣ್ಣ, ಪಂಪ್ ಹೋಗೇತ್ರಿ. ಮುಂಜಾನೆ ಚಲೋ ನಡೀತೈತಿ, ಒಂಬತ್ತೂವರೆ ಹತ್ತಕ್ಕ ಬಕೆಟ್ ಮಣ್ಣಾಗ ಹೋಗಂಗಿಲ್ಲ. ಊಟ ಮಾಡಿ ಬಂದು ಚಾಲೂ ಮಾಡಿದ್ರ ಮತ್ತ ಸ್ವಲ್ಪ ಹೊತ್ತು ಚಲೋ."

ಪಂಪ್ ಅಂದರೆ ಎಂಜಿನ್ ಬಲದಿಂದ ಎಣ್ಣೆ ತಳ್ಳಿ ಬಕೆಟ್ ಆಡಿಸುವ ಹೈಡ್ರಾಲಿಕ್ ಪಂಪ್. ಇದನ್ನು ಕೇಳಿದ ಯಾವ ಹೈಡ್ರಾಲಿಕ್ ಮೆಕ್ಯಾನಿಕ್ ಆದರೂ ಪಂಪ್ ಅಂತಲೇ ಹೇಳುತ್ತಾನೆ. ಬಿಸಿಲು 40 ಡಿಗ್ರಿ ದಾಟಿದೆ. ಎಣ್ಣೆ ಕಾಯುತ್ತೆ, ಕಾದ ಎಣ್ಣೆ ತೆಳ್ಳಗಾಗುತ್ತೆ. ಪಂಪ್ ಒಳಗೆ ಪಿಸ್ಟನ್ ಸವೆದಿದ್ದರೆ ತೆಳ್ಳಗಿನ ಎಣ್ಣೆ ಸಂದಿಯಿಂದ ಜಾರಿ ಹೋಗುತ್ತೆ, ಪ್ರೆಶರ್ ನಿಲ್ಲುವುದಿಲ್ಲ. ಊಟದ ಹೊತ್ತಿನಲ್ಲಿ ತಣ್ಣಗಾಗುತ್ತೆ, ಮತ್ತೆ ಸರಿ. ಎಲ್ಲ ಒಂದಕ್ಕೊಂದು ಕೂಡಿ ಬಂತು. ಕೂಡಿ ಬಂದದ್ದೇ ನನಗೆ ಮುಳುವಾಯಿತು.

ಪ್ರೆಶರ್ ಗೇಜ್ ವ್ಯಾನ್‌ನಲ್ಲೇ ಇತ್ತು. ಹಾಕಲಿಲ್ಲ. ಪಂಪ್‌ನ ಕೇಸ್ ಡ್ರೈನ್ ಪೈಪ್ (ಒಳಗೆ ಸೋರಿದ ಎಣ್ಣೆ ಹೊರಬರುವ ಪೈಪ್) ಬಿಚ್ಚಿ, ಒಂದು ನಿಮಿಷಕ್ಕೆ ಎಷ್ಟು ಎಣ್ಣೆ ಬರುತ್ತೆ ಅಂತ ಡಬ್ಬಿ ಹಿಡಿದು ಅಳೆದಿದ್ದರೂ ಸಾಕಿತ್ತು, ಇಪ್ಪತ್ತು ನಿಮಿಷದ ಕೆಲಸ. ಸವೆದ ಪಂಪ್ ಅಲ್ಲಿ ಸಿಕ್ಕಿಬೀಳುತ್ತೆ. ಅದನ್ನೂ ಮಾಡಲಿಲ್ಲ. ಗುತ್ತಿಗೆದಾರರು ಅವಸರ ಮಾಡುತ್ತಿದ್ದರು, ನನಗೂ ನನ್ನ ಮೇಲೆ ಭಾರಿ ನಂಬಿಕೆ. ಪಂಪ್ ಇಳಿಸಿ ಟೆಸ್ಟ್ ಬೆಂಚ್ ಇರುವ ಕಡೆ ಕಳಿಸಿದೆ. ಮೂರನೆಯ ದಿನ ಅಲ್ಲಿಂದ ಫೋನ್ ಬಂತು: "ಪಂಪ್ ಚೆನ್ನಾಗಿದೆಯಲ್ಲ, ಯಾಕೆ ಕಳಿಸಿದ್ರಿ?"

ಸೀಲ್ ಮಾತ್ರ ಬದಲಿಸಿ ವಾಪಸ್ ತಂದೆ. ಕೂರಿಸಿದೆ. ಕೇಸ್‌ಗೆ ಎಣ್ಣೆ ತುಂಬಿ, ಏರ್ ತೆಗೆದು, ಮೆಲ್ಲಗೆ ಓಡಿಸಿದೆ. (ಎಣ್ಣೆ ತುಂಬದೆ ಒಣ ಪಂಪ್ ಸ್ಟಾರ್ಟ್ ಮಾಡಿ ಕೆಡಿಸಿದವರನ್ನು ಬೇಕಾದಷ್ಟು ಜನರನ್ನು ನೋಡಿದ್ದೇನೆ.) ಮರುದಿನ ಬೆಳಿಗ್ಗೆ ಒಗ್ಗರಣೆ, ಮಿರ್ಚಿ ತಿಂದು ಸೈಟಿಗೆ ಹೋಗುವಷ್ಟರಲ್ಲಿ ಗಾಡಿ ಮತ್ತೆ ಮಲಗಿತ್ತು. ಹತ್ತು ಗಂಟೆ. ಅದೇ ಕತೆ.

ಆಗ ಮೊದಲ ಸಲ ಸುಮ್ನೆ ದಂಡೆ ಮೇಲೆ ಕೂತು ಗಾಡಿಯ ಸದ್ದು ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು. ಬಕೆಟ್ ಹೂಳಿಗೆ ಕಚ್ಚಿದ ತಕ್ಷಣ ಎಂಜಿನ್ ಸದ್ದು ಬೀಳುತ್ತಿತ್ತು. ಸ್ವಲ್ಪ ಅಲ್ಲ, ಉಸಿರು ಕಟ್ಟಿದ ಹಾಗೆ. ಲಿವರ್ ಬಿಟ್ಟರೆ ನಿಧಾನಕ್ಕೆ ಮೇಲೆ ಬರುತ್ತಿತ್ತು. ನನಗೆ ನಾಚಿಕೆಯಾಯಿತು. ಪಂಪ್ ಸವೆದಿದ್ದರೆ ಎಂಜಿನ್ ಮೇಲಿನ ಭಾರ ಕಡಿಮೆಯಾಗಬೇಕು, ಜಾಸ್ತಿ ಆಗುವುದಿಲ್ಲ. ಎಣ್ಣೆ ಒಳಗೇ ಸೋರಿ ಹೋಗುವಾಗ ಎಂಜಿನ್‌ಗೆ ಎಳೆಯುವುದೇನಿದೆ? ಗಾಡಿ ಕೆಲಸ ಮಾಡುವುದಿಲ್ಲ, ಆದರೆ ಎಂಜಿನ್ ಆರಾಮಾಗಿ ಹಾಡುತ್ತಿರುತ್ತೆ. ಇಲ್ಲಿ ಸುಸ್ತಾಗಿದ್ದದ್ದು ಎಂಜಿನ್.

ಇನ್ನೊಂದು ಗುರುತೂ ಕಣ್ಣೆದುರೇ ಇತ್ತು. ಎಂಜಿನ್ ಬೀಳುವಾಗ ಕಪ್ಪು ಹೊಗೆ ಬರುತ್ತಿರಲಿಲ್ಲ. ಗಾಳಿ ಸಾಲದಿದ್ದರೆ, ಅಥವಾ ಶಕ್ತಿ ಮೀರಿ ಲೋಡ್ ಬಿದ್ದರೆ, ಕಪ್ಪು ಹೊಗೆ ಬರುತ್ತೆ. ಹೊಗೆಯೇ ಇಲ್ಲದೆ ಎಂಜಿನ್ ಕುಸಿದರೆ ಡೀಸೆಲ್ ಸಿಗುತ್ತಿಲ್ಲ ಅಂತ ಅರ್ಥ.

ಫಿಲ್ಟರ್ ಬದಲಿಸಿ ತಿಂಗಳೂ ಆಗಿರಲಿಲ್ಲ ಅಂದ ಆಪರೇಟರ್. ಟ್ಯಾಂಕ್ ಒಳಗಿನ ಜಾಳಿಗೆ ನೋಡೋಣ ಅಂತ ಡೀಸೆಲ್ ಕ್ಯಾಪ್ ತಿರುಗಿಸಿದೆ. "ಉಸ್ಸ್" ಅಂತ ಗಾಳಿ ಒಳಗೆ ನುಗ್ಗಿತು. ಟ್ಯಾಂಕ್‌ನ ತಗಡು "ಟಕ್" ಅಂದಿತು. ಎರಡು ನಿಮಿಷ ಕಳೆಯುವುದರೊಳಗೆ ಎಂಜಿನ್ ಸದ್ದು ತುಂಬಿಕೊಂಡಿತು. ಕ್ಯಾಪ್ ತಿರುಗಿಸಿ ನೋಡಿದರೆ ಒಳಗಡೆ ಹಾಲಿನ ಪಾಕೆಟ್‌ನ ಪ್ಲಾಸ್ಟಿಕ್, ನೀಟಾಗಿ ದುಂಡಗೆ ಕತ್ತರಿಸಿ ಇಟ್ಟದ್ದು. ಧೂಳು ಬೀಳಬಾರದು ಅಂತ ಗಾಡಿಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಕ್ಯಾಪ್‌ನಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತೆ, ಅದು ಮುಚ್ಚಿಹೋಗಿತ್ತು. ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕ್ ಒಳಗೆ ಎಳೆತ ಹುಟ್ಟಿ, ಎಂಜಿನ್ ಕಡೆ ಡೀಸೆಲ್ ತಳ್ಳುವ ಫೀಡ್ ಪಂಪ್‌ಗೆ ಡೀಸೆಲ್ ಬರುವುದಿಲ್ಲ. ಗಾಡಿ ನಿಲ್ಲಿಸಿ ಊಟಕ್ಕೆ ಹೋದರೆ ಸಂದಿಯಿಂದ ಗಾಳಿ ಮೆಲ್ಲಗೆ ಒಳಗೆ ಬಂದು ಮತ್ತೆ ಸರಿ. ನಾನು "ತಣ್ಣಗಾಗಿ ಸರಿಯಾಯಿತು" ಅಂದುಕೊಂಡದ್ದು ಇದನ್ನೇ. ಒಂದು ತುಂಡು ಪ್ಲಾಸ್ಟಿಕ್‌ಗೆ ದಿನಗಟ್ಟಲೆ ಕಾಲುವೆ ಕೆಲಸ ನಿಂತಿತ್ತು. ಬೆಂಚ್ ಖರ್ಚು ನಾನೇ ಕೊಟ್ಟೆ, ಕೂಲಿ ಕೇಳುವ ಮುಖ ಇರಲಿಲ್ಲ.

ಅಂದಿನಿಂದ ಯಾವ ಗಾಡಿ ಬಂದರೂ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಕೆಲಸ. ಎಣ್ಣೆ ಬಿಸಿಯಾಗುವವರೆಗೆ ಓಡಿಸಿ, ಫುಲ್ ರೇಸ್ ಕೊಟ್ಟು, ಬಕೆಟ್ ಪೂರ್ತಿ ಮಡಚಿ ಲಿವರ್ ಹಿಡಿದಿಟ್ಟುಕೊಳ್ಳುತ್ತೇನೆ. ಕೆಲವೇ ಸೆಕೆಂಡು, ಜಾಸ್ತಿ ಹಿಡಿದರೆ ಎಣ್ಣೆ ಸುಮ್ನೆ ಕಾಯುತ್ತೆ. ಎಂಜಿನ್ ಸದ್ದು ಸ್ವಲ್ಪ ಇಳಿದು ಅಲ್ಲೇ ಸ್ಥಿರವಾದರೆ ಸರಿ. ಇಳಿಯದೇ ಇದ್ದು ಕೆಲಸವೂ ನಿಧಾನವಾದರೆ ಹೈಡ್ರಾಲಿಕ್ ಕಡೆ ಹೋಗುತ್ತೇನೆ. ತುಂಬ ಕುಸಿದರೆ ಮೊದಲು ಡೀಸೆಲ್, ಗಾಳಿ.

ಇದೂ ಒಮ್ಮೊಮ್ಮೆ ಮೋಸ ಮಾಡುತ್ತೆ. ಕುಷ್ಟಗಿ ಕಡೆಯ ಒಂದು ಗಾಡಿ ಲೋಡ್ ಬಿದ್ದರೆ ಕಪ್ಪು ಹೊಗೆ ಕಾರಿ ಆಫ್ ಆಗುತ್ತಿತ್ತು. ಓನರ್ ಆಗಲೇ ಇಂಜೆಕ್ಟರ್ ಮಾಡಿಸಿದ್ದ, ಎಂಜಿನ್ ಬೋರ್ ಮಾಡಿಸಲು ದುಡ್ಡು ಹೊಂದಿಸುತ್ತಿದ್ದ. ಲೋಡ್ ಇಲ್ಲದಾಗ ಎಂಜಿನ್ ಬಂಗಾರದಂತೆ ಇತ್ತು. ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ ತೂತಿನ ಮೇಲೆ ಸುಮ್ನೆ ಇಟ್ಟರೂ ಕುಣಿಯಲಿಲ್ಲ, ಅಂದರೆ ರಿಂಗ್ ಸವೆದು ಗಾಳಿ ಕೆಳಗೆ ಬರುತ್ತಿಲ್ಲ. ಗೇಜ್ ಹಾಕಿದೆ. ಪುಸ್ತಕದಲ್ಲಿ ಮೇನ್ ರಿಲೀಫ್ ಪ್ರೆಶರ್ (ಇದಕ್ಕಿಂತ ಏರಿದರೆ ವಾಲ್ವ್ ತೆರೆದು ಎಣ್ಣೆ ಬಿಡಬೇಕು) 230 ಬಾರ್, ಮುಳ್ಳು 280 ದಾಟಿತು. ರಿಲೀಫ್ ವಾಲ್ವ್ ನಟ್ ಮೇಲೆ ಫ್ಯಾಕ್ಟರಿಯಲ್ಲಿ ಹಚ್ಚಿದ್ದ ಬಿಳಿ ಬಣ್ಣದ ಗೆರೆ ಒಡೆದಿತ್ತು. ಪಂಪ್ ಎಷ್ಟು ಎಣ್ಣೆ ತಳ್ಳಬೇಕು ಅಂತ ಹಿಡಿತದಲ್ಲಿಡುವ ರೆಗ್ಯುಲೇಟರ್ ಸ್ಕ್ರೂ ಮೇಲೂ ಹಾಗೇ. ಯಾರೋ "ಪವರ್ ಜಾಸ್ತಿ ಮಾಡಿಕೊಡ್ತೀನಿ" ಅಂತ ಎರಡನ್ನೂ ಬಿಗಿ ಮಾಡಿದ್ದರು. ಇದು ಎತ್ತಿನ ಶಕ್ತಿ ನೋಡದೆ ಬಂಡಿ ತುಂಬಿದ ಹಾಗೆ. ಎತ್ತಿಗೆ ರೋಗ ಅಂತ ಡಾಕ್ಟರನ್ನು ಕರೆದರೆ ಏನು ಬಂತು? ಎರಡನ್ನೂ ಹಳೆಯ ಜಾಗಕ್ಕೆ ತಂದೆ, ಎಂಜಿನ್ ಇವತ್ತಿಗೂ ಬಿಚ್ಚಿಲ್ಲ.

ಎಲ್ಲ ಕೆಲಸವೂ ಒಟ್ಟಿಗೆ ಸತ್ತುಹೋದರೆ ಮಾತ್ರ ನನಗೆ ಖುಷಿ. ಬೂಮ್ (ದೊಡ್ಡ ತೋಳು), ಬಕೆಟ್, ಟ್ರ್ಯಾಕ್ ಎಲ್ಲ ಒಂದೇ ದಿನ ಒಟ್ಟಿಗೆ ಸವೆಯುವುದಿಲ್ಲ ಅಲ್ವಾ? ಆಗ ಪೈಲಟ್ ಲೈನ್ ನೋಡಬೇಕು. ಸುಮಾರು 35 ಬಾರ್‌ನ ಸಣ್ಣ ಪ್ರೆಶರ್ ಅದು, ದೊಡ್ಡ ವಾಲ್ವ್‌ಗಳನ್ನು ತಳ್ಳುವುದು ಅದೇ. ಎಡಗಡೆಯ ಲಾಕ್ ಲಿವರ್ ಎತ್ತಿದರೆ ಅದು ಕಟ್ ಆಗುತ್ತೆ. ಆ ಲಿವರ್ ಕೆಳಗಿನ ಸ್ವಿಚ್‌ನಲ್ಲಿ ಮಣ್ಣು ಕೂತರೂ, ಕರೆಂಟ್ ಬಂದಾಗ ಆ ಲೈನ್ ತೆರೆಯುವ ಸೊಲೆನಾಯ್ಡ್‌ನ ಫ್ಯೂಸ್ ಹೋದರೂ, ಗಾಡಿ ಎಂಜಿನ್ ಓಡುತ್ತಾ ಕಲ್ಲಿನಂತೆ ನಿಲ್ಲುತ್ತೆ. ಮಸ್ಕಿ ಹತ್ತಿರದ ಒಂದು ಹೊಲಕ್ಕೆ ಬಿಸಿಲಲ್ಲಿ ಬೈಕ್ ಮೇಲೆ ಹೋಗಿ ಒಂದು ಫ್ಯೂಸ್ ಹಾಕಿ ಬಂದಿದ್ದೇನೆ. ಈಗ ಫೋನಲ್ಲೇ ಮೊದಲು ಫ್ಯೂಸ್ ಬಾಕ್ಸ್ ಫೋಟೊ ಕೇಳುತ್ತೇನೆ.

ಒಂದೇ ಕಡೆ ಟ್ರ್ಯಾಕ್ ನಿಧಾನವಾದರೆ ಮೇಲೆ ವಾಲ್ವ್ ಹತ್ತಿರ ಎರಡೂ ಕಡೆಯ ಹೋಸ್ ಅದಲು ಬದಲು ಮಾಡುವುದು. ತೊಂದರೆ ಆ ಕಡೆಗೆ ಹಾರಿದರೆ ಮೇಲಿನ ಪಂಪ್ ಅಥವಾ ವಾಲ್ವ್, ಅಲ್ಲೇ ನಿಂತರೆ ಕೆಳಗಿನ ಮೋಟರ್ ಅಥವಾ ನಡುವಿನ ಸ್ವಿವೆಲ್ (ಎಣ್ಣೆ ಕೆಳಗೆ ದಾಟಿಸುವ ತಿರುಗುವ ಜೋಡಣೆ). ಇದಕ್ಕೆ ಗೇಜ್ ಕೂಡ ಬೇಡ.

ಬಿಸಿಯಾಗುವುದಂತೂ ಗಂಗಾವತಿಯ ಸ್ಪೆಷಲ್ ರೋಗ. ರೈಸ್ ಮಿಲ್ ಅಂಗಳದಲ್ಲಿ ದುಡಿಯುವ ಗಾಡಿಗಳ ರೇಡಿಯೇಟರ್ ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತೆ. ಟಾರ್ಚ್ ಹಿಡಿದು ರೇಡಿಯೇಟರ್‌ಗೂ ಆಯಿಲ್ ಕೂಲರ್‌ಗೂ ನಡುವೆ ನೋಡಿ. ಭತ್ತದ ಹೊಟ್ಟು, ಎಣ್ಣೆ ಜಿಡ್ಡು ಸೇರಿ ಕಂಬಳಿಯ ಹಾಗೆ ಕೂತಿರುತ್ತೆ. ಬೊಗಸೆಗಟ್ಟಲೆ ತೆಗೆದಿದ್ದೇನೆ. ಬಳ್ಳಾರಿ, ಸಂಡೂರು ಕಡೆಯಿಂದ ಬರುವ ಗಾಡಿಗಳದ್ದು ಬೇರೆ ಕತೆ. ಅಲ್ಲಿ ಕೆಂಪು ಅದಿರು ಧೂಳು. ಏರ್ ಫಿಲ್ಟರ್ ಹೊಸದು ಅಂತ ತೋರಿಸುತ್ತಾರೆ. ನಾನು ಫಿಲ್ಟರ್ ಬಿಟ್ಟು ಅದರ ಆಚೆಯ ಪೈಪ್ ಬಿಚ್ಚಿ, ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಳಗೆ ಆಡಿಸುತ್ತೇನೆ. ಬಟ್ಟೆ ಕೆಂಪಾದರೆ ಆ ಧೂಳು ಸಿಲಿಂಡರ್ ಒಳಗೂ ಹೋಗಿದೆ. ಕಂಪ್ರೆಸರ್‌ನಿಂದ ಜೋರಾಗಿ ಗಾಳಿ ಹೊಡೆದು ಫಿಲ್ಟರ್ ಕಾಗದ ಹರಿದಿರುತ್ತಾರೆ, ಇಲ್ಲವೇ ಪೈಪ್ ಕ್ಲಿಪ್ ಸಡಿಲ ಇರುತ್ತೆ. ಹಳೆ ಗಾಡಿ ಕೊಳ್ಳುವವರು ಪೇಂಟ್ ನೋಡುವ ಬದಲು ಇದೊಂದನ್ನು ನೋಡಲಿ.

ಹೈಡ್ರಾಲಿಕ್ ಎಣ್ಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ನೊರೆ ಬಂದು ಪಂಪ್ ಕುಂಯ್ ಅಂದರೆ ಸಕ್ಷನ್ ಪೈಪ್‌ನಲ್ಲಿ ಗಾಳಿ ಎಳೆಯುತ್ತಿದೆ. ಕೆಲಸ ನಿಧಾನವಾಗಿ, ನೊರೆ ಇಲ್ಲದೆ ಕುಂಯ್ ಅಂದರೆ ಎಣ್ಣೆ ಟ್ಯಾಂಕ್ ಒಳಗಿನ ಸ್ಟ್ರೈನರ್ (ಜಾಳಿಗೆ) ಕಟ್ಟಿದೆ. ಆ ಸ್ಟ್ರೈನರ್ ಅಲ್ಲಿದೆ ಅಂತಲೇ ಅರ್ಧ ಓನರ್‌ಗಳಿಗೆ ಗೊತ್ತಿಲ್ಲ.

ಆದರೆ ಒಂದು ಮಾತು ಜೋರಾಗಿ ಹೇಳಬೇಕು. ಸೋರಿಕೆ ಹುಡುಕಲು ಹೋಸ್ ಮೇಲೆ ಕೈ ಆಡಿಸಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ 200 ಬಾರ್‌ನಲ್ಲಿ ಬರುವ ಎಣ್ಣೆ ಕಣ್ಣಿಗೂ ಕಾಣುವುದಿಲ್ಲ, ಚರ್ಮ ಸೀಳಿ ಒಳಗೆ ಹೋಗುತ್ತೆ. ನನ್ನ ಜೊತೆಗಿದ್ದ ಹುಡುಗನಿಗೆ ಬೆರಳ ತುದಿಯಲ್ಲಿ ಇರುವೆ ಕಚ್ಚಿದಷ್ಟು ಗುರುತಾಗಿತ್ತು, ನೋವೂ ಇರಲಿಲ್ಲ. ರಾತ್ರಿ ಹೊತ್ತಿಗೆ ಕೈ ಊದಿತು. ಆಪರೇಶನ್ ಮಾಡಿದರು, ಆ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನಾಯಿತು ಅಂತ ಬಿಡಿಸಿ ಹೇಳಿ.

ಈಗ ಶೆಡ್ ಮುಂದೆ ಒಂದು 3 ಟನ್ ಗಾಡಿ ನಿಂತಿದೆ. ಮೇಲಿನ ಭಾಗ ಬಲಕ್ಕೆ ಚೆನ್ನಾಗಿ ತಿರುಗುತ್ತೆ, ಎಡಕ್ಕೆ ಮಾತ್ರ ಸೋಮಾರಿ. ಇಳಿಜಾರಲ್ಲಂತೂ ಎಡಕ್ಕೆ ಬರುವುದೇ ಇಲ್ಲ. ಓನರ್ ಬೆಳಿಗ್ಗೆಯಿಂದ ಎರಡು ಸಲ ಬಂದು ಕೇಳಿ ಹೋದರು: "ಪಂಪ್ ಅಲ್ರೀ?" ಒಂದೇ ಪಂಪ್ ಎರಡೂ ಕಡೆ ತಿರುಗಿಸುವಾಗ ಒಂದು ಕಡೆ ಮಾತ್ರ ಹೇಗೆ ಕೆಡುತ್ತೆ? ಮೇಲಿನ ಭಾಗ ತಿರುಗಿಸುವ ಸ್ವಿಂಗ್ ಮೋಟರ್ ಮೇಲೆ ಎಡಕ್ಕೊಂದು ಬಲಕ್ಕೊಂದು ರಿಲೀಫ್ ವಾಲ್ವ್ ಇದೆ. ನಾಳೆ ಬೆಳಿಗ್ಗೆ ಎರಡನ್ನೂ ಅದಲು ಬದಲು ಮಾಡಿ ಹಾಕುತ್ತೇನೆ. ಸೋಮಾರಿತನ ಬಲಕ್ಕೆ ಹೋದರೆ ವಾಲ್ವ್. ಹೋಗದಿದ್ದರೆ ಪೈಲಟ್ ಪೈಪ್‌ಗೆ ಗೇಜ್ ಹಾಕುವುದು.