ಗಂಡು ಮೆಟ್ಟಿದ ನಾಡಿನ ಗಂಡುಬೀರಿ

ಮೊನ್ನೆ ಗದಗದಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಬರುತ್ತಿದ್ದೆ. ಅಣ್ಣಿಗೇರಿಯಲ್ಲಿ ಏಳೆಂಟು ಹೆಂಗಸರು ಒಟ್ಟಿಗೆ ಹತ್ತಿದರು. ಬುಟ್ಟಿ, ಚೀಲ, ಕಂಕುಳಲ್ಲಿ ಕೂಸು, ಎಲ್ಲರದೂ ಒಮ್ಮೆಗೇ ಮಾತು. ಪಕ್ಕದ ಸೀಟಿನ ಹಿರಿಯರು "ಫ್ರೀ ಮಾಡ್ಯಾರಲ್ರೀ, ಮನ್ಯಾಗ ಕೆಲಸಾನ ಇಲ್ಲ ಇವರಿಗೆ" ಅಂದರು. ನಾನು ನಕ್ಕೆ. ಬರೀ ನಗಲಿಲ್ಲ, "ಹೌದ್ರೀ, ಭಾಳ ಆಗೇತಿ" ಅಂತ ಸೇರಿಸಿದೆ ಕೂಡ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್‌ನಲ್ಲಿ. ಅವತ್ತಿನಿಂದ ನಾನೂ ಸೊನ್ನೆ ರೂಪಾಯಿ ಟಿಕೆಟ್ಟಲ್ಲೇ ಓಡಾಡುತ್ತಿದ್ದೇನೆ. ನಗುವಾಗ ಆ ಟಿಕೆಟ್ ನನ್ನ ಕೈಯಲ್ಲೇ ಇತ್ತು.

ಹುಬ್ಬಳ್ಳಿ ಹತ್ತಿರ ಬರುವವರೆಗೂ ಅದು ನನಗೆ ಹೊಳೆಯಲೇ ಇಲ್ಲ. ಹೊಳೆದ ಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಯಾಕಂದ್ರೆ ಈ ಚಾಳಿ ಬಿಟ್ಟು ಎಷ್ಟೋ ವರ್ಷ ಆಯ್ತು ಅಂದುಕೊಂಡಿದ್ದೆ.

ಬೆಟಗೇರಿಯಲ್ಲಿ ಬೆಳೆಯುವಾಗ ನನ್ನ ಹೆಸರೇ ಗಂಡುಬೀರಿ. ಅವ್ವ ಬೈಗುಳ ಅಂತ ಅಂದಿದ್ದನ್ನು ನಾನು ಬಿರುದು ಅಂತ ತೊಗೊಂಡೆ. ಗೌರಿ ಹುಣ್ಣಿಮೆಗೆ ಓಣಿಯ ಹುಡುಗಿಯರೆಲ್ಲ ರೇಷ್ಮೆ ಲಂಗ ಹಾಕಿಕೊಂಡು ಸಕ್ಕರೆ ಆರತಿ ತೊಗೊಂಡು ಹೊರಟರೆ, ನಾನು ತಮ್ಮನ ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂತು ಅವರನ್ನು ಆಡಿಕೊಳ್ಳುತ್ತಿದ್ದೆ. ಆರತಿಯ ಸಕ್ಕರೆ ಗೊಂಬೆ ಮಾತ್ರ ತಿನ್ನುತ್ತಿದ್ದೆ, ಆ ವಿಷಯದಲ್ಲಿ ಸಿದ್ಧಾಂತ ಇರಲಿಲ್ಲ.

ಯಾಕೆ ಹಾಗಿದ್ದೆ? ಈಗ ಯೋಚಿಸಿದರೆ ಅಂಥ ಒಗಟೇನಲ್ಲ. ಹೆಣ್ಣಾಗುವುದು ಅಂದರೆ ನನ್ನ ಕಣ್ಣಿಗೆ ಬಿದ್ದಿದ್ದೆಲ್ಲ ಬರೀ "ಬ್ಯಾಡ". ಜೋರಾಗಿ ನಗಬ್ಯಾಡ, ಕಾಲು ಅಗಲ ಮಾಡಿ ಕೂಡಬ್ಯಾಡ. ತಮ್ಮ ಕತ್ತಲಾದ ಮೇಲೂ ಕ್ರಿಕೆಟ್ ಆಡುತ್ತಿದ್ದ, ನಾನು ಆರಕ್ಕೆ ಒಳಗೆ. ಏಳನೇ ಕ್ಲಾಸಲ್ಲಿ ಸೈಕಲ್ ಬಂದ್ ಆಯಿತು. ಆಮೇಲೆ ತಿಂಗಳಿಗೆ ಮೂರು ದಿನ ಹೊರಗೆ ಕೂರುವುದು, ತಟ್ಟೆ ಬೇರೆ, ಚಾಪೆ ಬೇರೆ, ಮನೆಗೆ ಬಂದವರಿಗೆಲ್ಲ ಗೊತ್ತಾಗುವ ಹಾಗೆ. ಹನ್ನೆರಡು ವರ್ಷದ ಹುಡುಗಿಗೆ ಈ ನಿಯಮ ಮಾಡಿದವರು ಯಾರು ಅಂತ ಕಾಣುವುದಿಲ್ಲ. ಕಂಡರೂ ಅವರು ಜಗಳಕ್ಕೆ ಸಿಗುವುದಿಲ್ಲ. ಬಾಗಿಲು ಹಾಕಿದವರ ಮೇಲೆ ಬರಬೇಕಾದ ಸಿಟ್ಟು ನನಗೆ ಬಳೆ ಮೇಲೆ ಬಂತು, ಜಡೆ ಮೇಲೆ ಬಂತು, ಕೊನೆಗೆ ಬಳೆ ತೊಟ್ಟು ಜಡೆ ಹೆಣೆದುಕೊಂಡವರ ಮೇಲೆಲ್ಲ ಬಂತು.

ನಮ್ಮ ಮಾತು ಬೇರೆ ಇದಕ್ಕೆ ಹದವಾಗಿತ್ತು. "ನಾವೇನ್ ಕೈಗೆ ಬಳಿ ಹಾಕ್ಕೊಂಡೇವೇನು?" ಅಂತ ಗಂಡಸರು ಜಗಳಕ್ಕೆ ನಿಲ್ಲುತ್ತಾರೆ. ಅಳುವ ಹುಡುಗನಿಗೆ "ಹೆಣ್ಣಿಗ" ಅಂತಾರೆ. ಹುಡುಗನಿಗೆ ಹುಡುಗಿ ಅಂದರೆ ಅವಮಾನ, ಹುಡುಗಿಗೆ ಹುಡುಗ ಅಂದರೆ ಪ್ರಮೋಷನ್. ನಮ್ಮ ಹುಬ್ಬಳ್ಳಿಯಂತೂ ಗಂಡು ಮೆಟ್ಟಿದ ನಾಡು, ಭಾಷಣ ಶುರುವಾಗುವುದೇ ಹಾಗೆ. ಆ ನಾಡಿನ ನಟ್ಟನಡುವಿನ ಸರ್ಕಲ್ಲಲ್ಲಿ ಕುದುರೆ ಮೇಲೆ ಕತ್ತಿ ಹಿಡಿದು ಕೂತಿರುವವಳು ಕಿತ್ತೂರು ಚೆನ್ನಮ್ಮ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಅವಳ ಕೋಟೆಯ ಮುಂದೆ. ಅವಳನ್ನು ಹೊಗಳುವುದಕ್ಕೂ ನಮಗೆ ಸಿಗುವ ಮಾತು "ಗಂಡೆದೆ". ಅವಳ ಎದೆ ಅವಳದೇ ಆಗಿರಬಾರದಾ?

ಇನ್ನೊಂದು ಗಾದೆ ಇದೆ, ಎರಡು ಜಡೆ ಒಂದು ಕಡೆ ಕೂಡುವುದಿಲ್ಲ ಅಂತ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮುಖ ನೋಡದೆ ಇಡೀ ಆಯುಷ್ಯ ಕೋರ್ಟಿಗೆ ಅಲೆಯುತ್ತಾರೆ, ಬೇಕಾದರೆ ಧಾರವಾಡದ ಹೈಕೋರ್ಟ್ ಪೀಠದ ಮುಂದೆ ಒಂದಿನ ನಿಂತು ನೋಡಿ. ಆದರೂ ಎರಡು ಮೀಸೆ ಕೂಡುವುದಿಲ್ಲ ಅಂತ ಗಾದೆ ಕಟ್ಟಿದವರನ್ನು ನಾನು ಕಂಡಿಲ್ಲ.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಲು ಸೇರಿದೆ. ಅರವತ್ತು ಜನರಲ್ಲಿ ನಾವು ನಾಲ್ಕು ಹುಡುಗಿಯರು. ಗೇಟಿನಾಚೆ ಗಿರ್ಮಿಟ್ ಅಂಗಡಿಯ ಬೆಂಚು ಹುಡುಗರದು. ಒಂದೇ ತಿಂಗಳಲ್ಲಿ ನನಗೆ ಅಲ್ಲಿ ಜಾಗ ಸಿಕ್ಕಿತು. "ನೀ ಬಿಡಲೇ, ನೀ ನಮ್ಮ ಪೈಕಿ" ಅಂದ ಒಬ್ಬ. ಅವತ್ತು ಆದಷ್ಟು ಖುಷಿ ನನಗೆ ರಿಸಲ್ಟ್ ದಿನವೂ ಆಗಿರಲಿಲ್ಲ.

ಆ ಜಾಗ ಬಿಟ್ಟಿ ಸಿಗುತ್ತಿರಲಿಲ್ಲ. ಉಳಿದ ಮೂವರನ್ನು ಆಡಿಕೊಳ್ಳುವುದು ಅದರ ಬಾಡಿಗೆ. ಅವರಲ್ಲಿ ಒಬ್ಬಳು ಕೈ ತುಂಬ ಗಾಜಿನ ಬಳೆ ಹಾಕುತ್ತಿದ್ದಳು, ಕಾಡಿಗೆ ಹಚ್ಚುತ್ತಿದ್ದಳು. ಲೇತ್ ಅನ್ನುವ ಕಬ್ಬಿಣ ಕಡೆಯುವ ಮಷೀನಿನ ಕೆಲಸಕ್ಕೆ ವರ್ಕ್‌ಶಾಪ್‌ಗೆ ಹೋಗುವ ಮುಂಚೆ ಬಳೆ ಎಲ್ಲ ಬಿಚ್ಚಿ ಕಂಪಾಸ್ ಬಾಕ್ಸಲ್ಲಿ ಇಡುತ್ತಿದ್ದಳು, ಮುಗಿದ ಮೇಲೆ ಒಂದೊಂದೇ ತೊಡುತ್ತಿದ್ದಳು. ಒಂದಿನ ನಾನು "ಅಕಿ ಮುಂದ ನಿಂತ್ರ ಲೇತ್‌ಗೂ ನಾಚಿಕಿ ಬರತೈತಿ ನೋಡ್ರಿ" ಅಂದೆ. ಬೆಂಚೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ಹಿಂದೆಯೇ ಬರುತ್ತಿದ್ದಳು. ಕೇಳಿಸಿತು ಅಂತ ನನಗೆ ಗೊತ್ತು, ಬಳೆ ತೊಡುತ್ತಿದ್ದ ಕೈ ನಿಂತಿದ್ದನ್ನು ನೋಡಿದೆ. ಇದೂ ಹೇಳಿಬಿಡುತ್ತೇನೆ: ಆ ಸೆಮಿಸ್ಟರಿನ ಡ್ರಾಯಿಂಗ್ ಶೀಟುಗಳನ್ನು ನಾನು ನಕಲು ಮಾಡಿದ್ದು ಅವಳದನ್ನೇ.

ಡೆನಿಜ್ ಕಾಂಡಿಯೋಟಿ ಅನ್ನುವ ಟರ್ಕಿಯ ವಿದ್ವಾಂಸೆ 1988ರಲ್ಲಿ ಒಂದು ಲೇಖನ ಬರೆದರು. ಗಂಡಸರ ಯಜಮಾನಿಕೆ ಇರುವ ಕಡೆ ಹೆಂಗಸರು ಬರೀ ಸಹಿಸಿಕೊಂಡು ಕೂರುವುದಿಲ್ಲ, ಅದರ ಜೊತೆ ಚೌಕಾಶಿ ಮಾಡುತ್ತಾರೆ ಅನ್ನುವುದು ಅದರ ಸಾರ. ಅತ್ತೆಯ ಕೈಯಲ್ಲಿ ಪಾಡು ಪಟ್ಟ ಸೊಸೆ, ಮುಂದೆ ತಾನೂ ಅತ್ತೆಯಾಗಿ ಸೊಸೆಯನ್ನು ಆಳುವ ಆಸೆಯಲ್ಲಿ ಇದ್ದ ಪದ್ಧತಿಯನ್ನೇ ಕಾಯುತ್ತಾಳೆ. ಓದಿದಾಗ ನನಗೆ ಹುಬ್ಬಳ್ಳಿಯ ದುರ್ಗದಬೈಲಿನ ಬಳೆ ಅಂಗಡಿ ಮುಂದೆ ಚೌಕಾಶಿಗೆ ನಿಂತ ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ನೆನಪಾದಳು. ಅವಳಾದರೂ ಗೆದ್ದು ಬರುತ್ತಿದ್ದಳು. ನಾನು ಮಾಡಿದ್ದು ಲುಕ್ಸಾನಿನ ವ್ಯಾಪಾರ. ಕೊನೆಯ ವರ್ಷ ಪ್ರಾಜೆಕ್ಟ್ ಬಂದಾಗ ಮಷೀನಿನ ಕೆಲಸ ಹುಡುಗರೇ ಹಂಚಿಕೊಂಡರು, ನನಗೆ "ನೀ ರಿಪೋರ್ಟ್ ಬರಿ, ನಿನ್ನ ಅಕ್ಷರ ಚೊಲೊ ಅದಾವ" ಅಂದರು. ನಾಲ್ಕು ವರ್ಷ ಲೇ ಅನ್ನಿಸಿಕೊಂಡರೂ ಕೆಲಸ ಹಂಚುವ ಹೊತ್ತಿಗೆ ನಾನು ಹುಡುಗಿಯೇ.

ಆ ದಿನಗಳಲ್ಲಿ ನನ್ನ ಹೆಮ್ಮೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. ಹಾಡು ಗೊತ್ತಿದ್ದರಿಂದಲ್ಲ, ಆ ದನಿಯಿಂದ. ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ದನಿ ದಪ್ಪಗಾಯಿತು, ಮುಖ ನೋಡದೆ ಕೇಳಿದವರು ಗಂಡಸು ಅಂದುಕೊಳ್ಳುವಷ್ಟು. ನೋಡಿ, ನಮ್ಮೂರಿನ ಹೆಂಗಸು ಗಂಡಸರ ಹಾಗೆ ಹಾಡುತ್ತಾಳೆ ಅಂತ ಹೊರಗಿನವರಿಗೆ ಹೇಳುತ್ತಿದ್ದೆ. ಹೊಗಳಿಕೆ ಅಂತಲೇ ಹೇಳುತ್ತಿದ್ದೆ. ಅವರೇ ಹೇಳಿದ ಒಂದು ಮಾತು ನನಗೆ ಗೊತ್ತಾಗಿದ್ದು ತುಂಬಾ ಆಮೇಲೆ. ಹಾಡುವ ಗಂಡಸು ಮುಸ್ಲಿಂ ಆದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ್ ಆಗುತ್ತಾನೆ, ಕೇಸರ್‌ಬಾಯಿ, ಮೋಗೂಬಾಯಿ ಅಂಥ ಗಾಯಕಿಯರು ಮಾತ್ರ ಬರೀ "ಬಾಯಿ"ಯಾಗೇ ಉಳಿಯುತ್ತಾರೆ ಅಂದಿದ್ದರು. ಅಂಥ ದನಿ ಇದ್ದವರಿಗೂ, 2002ರಲ್ಲಿ ಪದ್ಮವಿಭೂಷಣ ಬಂದವರಿಗೂ ಲೆಕ್ಕ ಹೀಗಿದ್ದರೆ ಗಿರ್ಮಿಟ್ ಅಂಗಡಿ ಬೆಂಚಿನ ನನ್ನ ಪಾಡೇನು.

ಇನ್ನು ಚಿಗವ್ವ. ಅವಳು ಕಸೂತಿ ಹಾಕುತ್ತಾಳೆ. ಹಬ್ಬಕ್ಕೆ ಬಂದಾಗೆಲ್ಲ "ಬಾರವಾ, ಗವಂತಿ ಕಲಿಸ್ತೀನಿ" ಅಂತ ಕರೆಯುತ್ತಿದ್ದಳು, ನಾನು "ಅದೆಲ್ಲ ಕೆಲ್ಸ ಇಲ್ದಾರು ಮಾಡೂದು" ಅಂತ ಮುಖಕ್ಕೇ ಹೇಳಿದ್ದೆ. ಹೋದ ವರ್ಷ ಪಂಚಮಿಗೆ ಹೋದಾಗ ಮೊದಲ ಸಲ ಪಕ್ಕದಲ್ಲಿ ಕೂತು ನೋಡಿದೆ. ಬಟ್ಟೆ ಮೇಲೆ ಗೆರೆ ಹಾಕುವುದಿಲ್ಲ. ನೇಯ್ಗೆಯ ಎಳೆ ಎಣಿಸುತ್ತಾ ಹೋಗುವುದು. ಗವಂತಿ ಅನ್ನುವ ಹೊಲಿಗೆಯಲ್ಲಿ ದಾರ ಒಂದು ಎಳೆ ಬಿಟ್ಟು ಒಂದು ಎಳೆ ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗಂಟು ಹಾಕುವ ಹಾಗಿಲ್ಲ. ಗೋಪುರ, ಆನೆ, ತೇರು, ಎಲ್ಲ ತಲೆಯಲ್ಲೇ. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಹೋಗಿ ಇನ್ನೆಲ್ಲೋ ಸೇರುತ್ತದೆ.

ನಾನು ಜೋಶ್‌ನಲ್ಲಿ "ಚಿಗವ್ವಾ, ಇದು ಪಕ್ಕಾ ಇಂಜಿನಿಯರಿಂಗ್ ನೋಡು, ಬರೀ ಲೆಕ್ಕ" ಅಂದೆ. ಅವಳು ತಲೆ ಎತ್ತಲಿಲ್ಲ. "ಲೆಕ್ಕ ಅಲ್ಲದಿದ್ರ ನೀ ಕುಂದರತಿದ್ದಿಲ್ಲೇನು?" ಅಂದಳು.

ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಕೀಳು ಅಂದಿದ್ದನ್ನು ಈಗ ಮೇಲು ಅನ್ನುವುದಕ್ಕೂ ನನಗೆ ಗಂಡಸರ ತಕ್ಕಡಿಯೇ ಬೇಕಾಗಿತ್ತು.

ಇಷ್ಟೆಲ್ಲ ಬರೆದೆ ಅಂತ ನಾನೇನು ನಾಳೆಯಿಂದ ಕೈ ತುಂಬ ಬಳೆ ತೊಡುವುದಿಲ್ಲ. ಕೂದಲು ಇನ್ನೂ ಗಿಡ್ಡವೇ, ಅಂಗಿ ಪ್ಯಾಂಟೇ, ನನಗೆ ಅದರಲ್ಲೇ ಆರಾಮು. ಹಾಗೆ ಆರಾಮು ಅನ್ನಿಸುವ ಹುಡುಗಿಯರಿಗೆಲ್ಲ ನನ್ನ ರೋಗ ಇದೆ ಅಂತಲೂ ಅಲ್ಲ, ದಯವಿಟ್ಟು ಅವರನ್ನು ಹಿಡಿದು ಲಂಗ ಉಡಿಸಬೇಡಿ. ಅಂಗಿ ಹಾಕಿಕೊಂಡಿದ್ದರ ಜೊತೆ ನನಗೆ ತಕರಾರಿಲ್ಲ. ಹಾಕಿಕೊಂಡು ಕಟ್ಟೆ ಮೇಲೆ ಕೂತು ನಕ್ಕೆನಲ್ಲ, ಅದರ ಜೊತೆ.

ಬಸ್ಸಿನ ಘಟನೆ ಆದ ರಾತ್ರಿ ಕಾಲೇಜಿನ ಆ ಬಳೆಯವಳ ನಂಬರ್ ಹುಡುಕಿ ಮೆಸೇಜ್ ಮಾಡಿದೆ. ಹನ್ನೊಂದು ವರ್ಷದ ಮೇಲೆ. ಅವತ್ತು ಲೇತ್‌ಗೂ ನಾಚಿಕಿ ಬರತೈತಿ ಅಂದಿದ್ದೆ, ತಪ್ಪಾಯ್ತು, ನಿನಗೆ ನೆನಪಿದೆಯೋ ಇಲ್ಲವೋ ಅಂತ ಬರೆದೆ. ನೆನಪಿಲ್ಲ ಅನ್ನುತ್ತಾಳೆ ಅಂತ ಒಳಗೊಳಗೇ ಆಸೆ ಇತ್ತು, ನಿಜ ಹೇಳಬೇಕಂದ್ರೆ.

ಮರುದಿನ ಮಧ್ಯಾಹ್ನ ಉತ್ತರ ಬಂತು. "ನೆನಪೈತಿ."

ಅಷ್ಟೇ. ಅದರ ಕೆಳಗೆ ನಾನು ನಾಲ್ಕೈದು ಸಲ ಏನೇನೋ ಟೈಪ್ ಮಾಡಿದ್ದೇನೆ, ಅಳಿಸಿದ್ದೇನೆ.