ಅವ್ವ ಕೈ ಕೊಡದ ಬೆಳಿಗ್ಗೆ

ಕಳೆದ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅವ್ವನನ್ನು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಕರೆತಂದಿದ್ದೆ. ಉಂಡ ಮೇಲೆ ಬಲಪಕ್ಕೆಯಲ್ಲಿ ನೋವು ಬಂದು ಹೋಗುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲುಗಳು ಕಂಡವು. ಅಂದು ಅವ್ವ ಯಾವುದಕ್ಕೂ ಬಾಯಿಬಿಟ್ಟು ಒಪ್ಪಿಗೆ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಬಿ.ಪಿ. ನೋಡಲು ಸಿಸ್ಟರ್ ಬಂದಾಗ ತಾನೇ ತೋಳು ಮುಂದೆ ಮಾಡಿದಳು, ರಕ್ತ ತೆಗೆಯುವಾಗ ಬಳೆ ಮೇಲಕ್ಕೆ ಸರಿಸಿ ಮುಷ್ಟಿ ಬಿಗಿಹಿಡಿದಳು, ಸ್ಕ್ಯಾನಿಂಗ್ ಮಂಚದ ಮೇಲೆ ಹೇಳಿದ ಮಗ್ಗುಲಿಗೆ ಹೊರಳಿದಳು. ಮಾತಿಲ್ಲದ ಒಪ್ಪಿಗೆ ಎಂದರೆ ನನ್ನ ತಿಳಿವಳಿಕೆಯಲ್ಲಿ ಇದೇ: ಏನು ನಡೆಯುತ್ತಿದೆಯೆಂದು ಬಲ್ಲವರು ತಮ್ಮ ಮೈಯಿಂದಲೇ ಹೇಳುವ 'ಹೂಂ'.

ಸಂಜೆ ಡಾಕ್ಟರು ಪಿತ್ತಕೋಶವನ್ನೇ ತೆಗೆಯಬೇಕೆಂದು ನನಗೆ ವಿವರಿಸಿದರು. ಪಕ್ಕದಲ್ಲೇ ಸೆರಗು ಹೊದ್ದು ಕೂತಿದ್ದ ಅವ್ವ ಒಂದು ಮಾತೂ ಆಡಲಿಲ್ಲ. ಒಪ್ಪಿಗೆ ಪತ್ರದಲ್ಲಿ 'ರೋಗಿಯ ಸಂಬಂಧಿ' ಎಂದಿದ್ದ ಕಡೆ ನಾನು ಸಹಿ ಮಾಡಿದೆ. ರೋಗಿಯ ಸಹಿಯ ಜಾಗ ಖಾಲಿ ಉಳಿದದ್ದನ್ನು ಯಾರೂ ಗಮನಿಸಲಿಲ್ಲ. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಗಂಡಿನ ಕಡೆಯವರ ಮುಂದೆ ತಲೆತಗ್ಗಿಸಿ ಕೂತ ಹುಡುಗಿಯಿಂದ ಹಿಡಿದು ಆಸ್ತಿ ಪಾಲಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನ ತನಕ, ಎಲ್ಲರ ಸುಮ್ಮನಿರುವಿಕೆಗೂ ನಾವು ಒಂದೇ ಅರ್ಥ ಹಚ್ಚಿಬಿಡುತ್ತೇವೆ.

ಮರುದಿನ ಬೆಳಿಗ್ಗೆ ಸೂಜಿ ಹಿಡಿದು ಬಂದ ಸಿಸ್ಟರ್‌ಗೆ ಅವ್ವ ಕೈ ಕೊಡಲಿಲ್ಲ. ಸೆರಗಿನೊಳಕ್ಕೆ ಎಳೆದುಕೊಂಡು, "ಇದು ಯಾತಕ್ಕವ್ವಾ?" ಎಂದಳು. ಆಪರೇಷನ್ನಿಗೆ ಎಂದು ತಿಳಿದಾಗ ನನ್ನ ಕಡೆ ತಿರುಗಿ, "ನನ್ನ ಹೊಟ್ಟಿ ಕೊಯ್ಯೋದನ್ನ ನನಗೊಂದು ಮಾತು ಕೇಳಬಾರದಿತ್ತೇನು?" ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ಸಂಜೆ ಅವಳು ಸುಮ್ಮನಿದ್ದದ್ದು, ಓದಿದವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂಬ ಸಂಕೋಚಕ್ಕೆ. ಆ ಮಾತುಗಳಲ್ಲಿ ಅರ್ಧ ತನಗೆ ಅರ್ಥವಾಗದ್ದಕ್ಕೆ. ಅದನ್ನು ಒಪ್ಪಿಗೆಯೆಂದು ತಿಳಿದು, ನಾನು ಅವಳ ಪರವಾಗಿ ಅಲ್ಲ, ಅವಳ ಬದಲಿಗೆ ಸಹಿ ಮಾಡಿದ್ದೆ.

ಆಮೇಲೆ ಓದಿದ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಕೊಟ್ಟ ತೀರ್ಪು ನನ್ನನ್ನು ಬಹಳ ದಿನ ಕಾಡಿತು. 1995ರಲ್ಲಿ ದೆಹಲಿಯಲ್ಲಿ ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ ಲ್ಯಾಪರೊಸ್ಕೋಪಿ ತಪಾಸಣೆಗೆ ಒಪ್ಪಿದ್ದ 44 ವರ್ಷದ ಮಹಿಳೆ ಅರಿವಳಿಕೆಯಲ್ಲಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯನ್ನು ಕೇಳಿ ಅವರ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಪ್ರಾಣಕ್ಕೆ ಕುತ್ತಿಲ್ಲದಿರುವಾಗ ರೋಗಿಗೆ ಎಚ್ಚರವಾಗುವ ತನಕ ಕಾಯಬೇಕಿತ್ತು, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಒಪ್ಪಿಗೆಯನ್ನು ತಾಯಿ ಕೂಡ ಕೊಡಲಾಗದು, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒದಗದು ಎಂದಿತು ನ್ಯಾಯಾಲಯ. ಅಲ್ಲಿ ಮಗಳಿಗಾಗಿ ತಾಯಿ. ಇಲ್ಲಿ, ಎಚ್ಚರವಾಗಿಯೇ ಕೂತಿದ್ದ ತಾಯಿಗಾಗಿ ನಾನು.

ಡಾಕ್ಟರು ಮತ್ತೆ ಬಂದು, ಈ ಸಲ ಅವ್ವನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅವಳ ಜೊತೆಗೇ ಮಾತಾಡಿದರು. ಎಲ್ಲೆಲ್ಲಿ ಕೊಯ್ಯುತ್ತೀರಿ, ಎಷ್ಟು ದಿನ ಕೊಡ ಹೊರಬಾರದು, ಆ ಚೀಲ ಇಲ್ಲದೆ ಊಟ ಅರಗುತ್ತದೆಯೇ ಎಂದು ಅವಳು ಒಂದೊಂದಾಗಿ ಕೇಳಿದಳು. ಇಷ್ಟು ಪ್ರಶ್ನೆಗಳನ್ನು ಇಟ್ಟುಕೊಂಡು ಅವಳು ರಾತ್ರಿಯಿಡೀ ಮಲಗಿದ್ದಳು. ಸದ್ಯ ಜ್ವರ, ಕಾಮಾಲೆ ಇಲ್ಲದ ಕಾರಣ ಕೆಲವು ದಿನ ಕಾಯಬಹುದು, ಆದರೆ ಕಲ್ಲು ನಾಳಕ್ಕೆ ಇಳಿದರೆ ಅಪಾಯ ಎಂದು ಅವರು ತಿಳಿಸಿದಾಗ, "ಎಮ್ಮಿ ತುಂಬುದಿಂಗಳೈತಿ, ಈದಮ್ಯಾಗ ಬರ್ತೀನಿ" ಎಂದಳು.

ಕರು ಹುಟ್ಟಿದ ಮೂರನೆಯ ದಿನ ತಾನೇ ಹೊರಟು ನಿಂತಳು. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಅಕ್ಷರ ಜೋಡಿಸಿ ನಿಧಾನವಾಗಿ ಹೆಸರು ಬರೆದಳು. ಕೆಳಗೆ 'ಸಾಕ್ಷಿ' ಎಂದಿದ್ದ ಕಡೆ ನಾನು ಸಹಿ ಮಾಡಿದೆ.