ಸೀನಿಯಾರಿಟಿ ಜೊತೆಗೆ ಬರಲ್ಲ

ಹೋದ ವರ್ಷ ಮಾರ್ಚ್‌ನಲ್ಲಿ, ರಾತ್ರಿ ಹನ್ನೊಂದೂಮುಕ್ಕಾಲಿಗೆ, ದೇವನಹಳ್ಳಿ ಏರ್‌ಪೋರ್ಟ್‌ನಿಂದ ಮನೆಗೆ ಬಿಡೋ ಕ್ಯಾಬ್‌ನಲ್ಲಿ ಕೂತು ಫೋನ್ ಆನ್ ಮಾಡಿದಾಗ ಆ ಇಮೇಲ್ ಕಂಡಿತು. ಅವತ್ತು ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಸಲ ವಿಮಾನ ಹಾರಿಸಿದ್ದೆ. ಹುಬ್ಬಳ್ಳಿಗೆ ಹೋಗಿ ಬಂದು, ಆಮೇಲೆ ಪುಣೆಗೆ ಹೋಗಿ ಬಂದದ್ದು. ಮಧ್ಯೆ ಸಿಗೋದು ಅರ್ಧರ್ಧ ಗಂಟೆ. ಅಷ್ಟರಲ್ಲೇ ಹಳದಿ ಜಾಕೆಟ್ ಹಾಕಿಕೊಂಡು ಕೆಳಗಿಳಿದು ವಿಮಾನದ ಸುತ್ತ ಒಂದು ರೌಂಡ್ ಹೊಡೆದು ಟೈರು, ಎಂಜಿನ್ ಬ್ಲೇಡು ನೋಡಬೇಕು, ಇಂಧನದ ಲೆಕ್ಕ ಸರಿ ಇದೆಯಾ ನೋಡಬೇಕು, ಮುಂದಿನ ರೂಟನ್ನು ಕಂಪ್ಯೂಟರ್‌ಗೆ ಹಾಕಬೇಕು. ಇದೆಲ್ಲ ಮುಗಿದು ಟೈಮ್ ಉಳಿದರೆ ತಣ್ಣಗಾದ ಉಪ್ಪಿಟ್ಟು.

ಇಮೇಲ್ ದೊಡ್ಡ ವಿಮಾನ ಕಂಪನಿಯದ್ದು. ದೂರದ ದೇಶಗಳಿಗೆ ಹಾರೋ ದೊಡ್ಡ ಬೋಯಿಂಗ್ 787 ವಿಮಾನಕ್ಕೆ ಫಸ್ಟ್ ಆಫೀಸರ್ (ಕ್ಯಾಪ್ಟನ್ ಪಕ್ಕ ಕೂರೋ ಪೈಲಟ್) ಕೆಲಸ, ಬೇಸ್ ದೆಹಲಿ, ಐದು ವರ್ಷದ ಬಾಂಡ್. ಸಂಬಳ ನನಗೆ ಬರ್ತಿದ್ದದ್ದಕ್ಕಿಂತ ಜಾಸ್ತಿ.

ನಾನು ಆಗ ಅಗ್ಗದ ಟಿಕೆಟಿನ ಒಂದು ಕಂಪನಿಯಲ್ಲಿ ಅದಕ್ಕಿಂತ ಚಿಕ್ಕ ಎ320 ವಿಮಾನ ಹಾರಿಸುತ್ತ ನಾಲ್ಕು ವರ್ಷ ಆಗ್ತಾ ಬಂದಿತ್ತು. ಈಗಲೂ ಅಲ್ಲೇ ಇದ್ದೇನೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ನಾಲ್ಕು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಸೀದಾ ಬೆಂಗಳೂರಿಗೆ ಬಂದಿಳಿದಾಗ ನಾನಿನ್ನೂ ಕೆಲಸ ಹುಡುಕುತ್ತಿದ್ದೆ. ಆ ಸುದ್ದಿಯನ್ನು ಎಷ್ಟು ಸಲ ನೋಡಿದ್ದೆನೋ. ಲೈಸೆನ್ಸು, ಟೈಪ್ ರೇಟಿಂಗು (ಒಂದು ಮಾದರಿಯ ವಿಮಾನ ಹಾರಿಸೋಕೆ ಬೇಕಾದ ಅರ್ಹತೆ) ಸೇರಿ ಸಾಲ 70 ಲಕ್ಷ ದಾಟಿತ್ತು, ಕೋವಿಡ್ ಹೊತ್ತು, ಎಲ್ಲೂ ಕೆಲಸ ಇಲ್ಲ. ಆಗ ಯಾರಾದರೂ 787 ಬೇಕಾ ಅಂತ ಕೇಳಿದ್ದರೆ ಕಾಲಿಗೆ ಬೀಳುತ್ತಿದ್ದೆ. ಹಾಗಾಗಿ ಆ ರಾತ್ರಿ ಇಮೇಲ್ ಓದಿದವನಿಗೆ ನಿದ್ದೆ ಎಲ್ಲಿಂದ ಬರಬೇಕು.

ಮಾರನೇ ದಿನವೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ. ಎಡಗಡೆ ಇಲ್ಲಿಯ ಸಂಬಳ, ಬಲಗಡೆ ಅಲ್ಲಿಯದು. ಅಲ್ಲಿಯದೇ ಗೆದ್ದಿತು. ಹೆಂಡತಿಗೆ ತೋರಿಸಿದೆ. ಅವಳು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡೋ ಕೆಲಸದಲ್ಲಿದ್ದಾಳೆ, ಅಂಕಿ ಅಂದರೆ ಅನುಮಾನ ಜಾಸ್ತಿ. "ಎರಡೂ ಕಡೆ ಫಸ್ಟ್ ಆಫೀಸರ್ ಅಂತಾನೇ ಹಾಕಿದ್ದೀರಲ್ಲ, ಇಲ್ಲಿ ಮುಂದಿನ ವರ್ಷವೂ ಇದೇನಾ?" ಅಂದಳು.

ಅಲ್ಲೇ ಎಡವಿದ್ದೆ. ಈ ಕೆಲಸದಲ್ಲಿ ಕ್ಯಾಪ್ಟನ್ ಆಗೋದು ಬರೀ ಜಾಣತನದಿಂದ ಅಲ್ಲ. 1500 ಗಂಟೆಯ ಹಾರಾಟ ದಾಟಿ, ಕ್ಯಾಪ್ಟನ್ ಆಗೋಕೆ ಬೇಕಾದ ಎಟಿಪಿಎಲ್ ಲೈಸೆನ್ಸ್ ಇರಬೇಕು, ಸಿಮ್ಯುಲೇಟರ್‌ನಲ್ಲಿ ಪಾಸ್ ಆಗಬೇಕು, ಅದೆಲ್ಲ ನಿಜ. ಆದರೆ ಯಾರ ಸರದಿ ಯಾವಾಗ ಅನ್ನೋದು ಕಂಪನಿಗೆ ಸೇರಿದ ದಿನಾಂಕದ ಮೇಲೆ ನಿಂತಿರುತ್ತೆ. ನನ್ನ ಲಾಗ್‌ಬುಕ್‌ನಲ್ಲಿ 3,100 ಗಂಟೆ ಇತ್ತು, ಪಟ್ಟಿಯಲ್ಲಿ ನನ್ನ ಸರದಿಗೆ ಹತ್ತಿರಹತ್ತಿರ ಒಂದು ವರ್ಷ ಬಾಕಿ ಇತ್ತು. ಕ್ಯಾಪ್ಟನ್ ಆದರೆ ಸಂಬಳ ಸುಮಾರು ಎರಡು ಪಟ್ಟು. ಅಲ್ಲಿಗೆ ಹೋದರೆ 3,100 ಗಂಟೆ ನನ್ನ ಜೊತೆ ಬರುತ್ತೆ, ನಾಲ್ಕು ವರ್ಷದ ಸೀನಿಯಾರಿಟಿ ಬರಲ್ಲ. ನಿನ್ನೆ ಸೇರಿದ ಹುಡುಗನ ಹಿಂದೆ ನಿಲ್ಲಬೇಕು. ದೊಡ್ಡ ವಿಮಾನದಲ್ಲಿ ಆ ಸಾಲು ನಿಧಾನಕ್ಕೇ ಸರಿಯೋದು. ಎಷ್ಟು ವರ್ಷಕ್ಕೆ ಎಡಗಡೆಯ ಸೀಟು, ಅಂದರೆ ಕ್ಯಾಪ್ಟನ್ ಸೀಟು, ಅಂತ ಎಚ್‌ಆರ್‌ಗೆ ಕೇಳಿದೆ, "ಕಂಪನಿಯ ಬೆಳವಣಿಗೆಗೆ ತಕ್ಕಂತೆ" ಅಂತ ಉತ್ತರ ಬಂತು. ಅದೇನು ಉತ್ತರ ಸ್ವಾಮಿ.

ಹೋಗು ಅನ್ನೋದಕ್ಕೂ ಒಂದು ಗಟ್ಟಿ ಕಾರಣ ಇತ್ತು, ಅದನ್ನು ಮುಚ್ಚಿಡಲ್ಲ. ವಿಮಾನಯಾನ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದ ಪ್ರಕಾರ ಫಸ್ಟ್ ಆಫೀಸರ್ ಕೆಲಸ ಬಿಡಬೇಕಂದ್ರೆ ಆರು ತಿಂಗಳ ನೋಟಿಸ್ ಕೊಡಬೇಕು, ಕ್ಯಾಪ್ಟನ್ ಆದರೆ ಒಂದು ವರ್ಷ. ಒಂದು ವರ್ಷ ಕಾಯುವ ಕಂಪನಿ ಎಲ್ಲಿದೆ? ಅಂದರೆ ಒಮ್ಮೆ ಕ್ಯಾಪ್ಟನ್ ಆದರೆ ಬಾಗಿಲು ಅರ್ಧ ಮುಚ್ಚಿದ ಹಾಗೇ.

ನನ್ನ ಬ್ಯಾಚಿನ ಗೆಳೆಯ ಒಬ್ಬ ಎರಡು ವರ್ಷದ ಹಿಂದೆಯೇ ದೊಡ್ಡ ವಿಮಾನಕ್ಕೆ ಹೋಗಿದ್ದ. ಫೋನ್ ಮಾಡಿದೆ. "ಬಾ ಮಗಾ, ಹೋಟೆಲ್ಲು ನೋಡು, ಊಟ ನೋಡು, ಒಂದೇ ಹಾರಾಟಕ್ಕೆ ನಾಲ್ಕು ಜನ, ಸರದಿ ಮೇಲೆ ಬಂಕ್‌ನಲ್ಲಿ ಮಲಗ್ತೀವಿ" ಅಂದ. ಹೋದ ತಿಂಗಳು ಎಷ್ಟು ಲ್ಯಾಂಡಿಂಗ್ ಮಾಡಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಎರಡು" ಅಂದ. ಕೊನೆಯ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರದಿದ್ದರೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಹಾರಿಸುವಂತಿಲ್ಲ. ಆ ಮೂರನ್ನು ತುಂಬಿಸೋಕೆ ಒಮ್ಮೊಮ್ಮೆ ಸಿಮ್ಯುಲೇಟರ್‌ಗೆ ಹೋಗಿ ಬರ್ತಾನಂತೆ. ನಾನು ಫೆಬ್ರವರಿಯ ನನ್ನ ಲಾಗ್‌ಬುಕ್ ತೆಗೆದು ಎಣಿಸಿದೆ. 54 ಸೆಕ್ಟರ್, ಅದರಲ್ಲಿ 26 ಲ್ಯಾಂಡಿಂಗ್ ನನ್ನದು. ಸೊಂಟ ಬಿದ್ದುಹೋಗಿತ್ತು, ಅದು ಬೇರೆ ಮಾತು.

ದೊಡ್ಡ ಕಂಪನಿ ಅಂದರೆ ಭದ್ರ ಅಂತ ನಮ್ಮ ನೆಂಟರೆಲ್ಲ ಹೇಳಿದರು. ಈ ಮಾತನ್ನು ಬೆಂಗಳೂರಿನಲ್ಲಿ ಕೂತು ಹೇಳೋಕೆ ಧೈರ್ಯ ಬೇಕು. ಇದೇ ಊರಿನ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. ಹಾಗಂತ ಅಗ್ಗದ್ದು ಭದ್ರ ಅಂತಲೂ ಅಲ್ಲ, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕೂಡ ನಿಂತಿತು. ಮುಚ್ಚಿಹೋದ ಒಂದು ಕಂಪನಿಯಿಂದ ಬಂದ ಕ್ಯಾಪ್ಟನ್ ಒಬ್ಬರ ಜೊತೆ ತುಂಬ ಸಲ ಹಾರಿಸಿದ್ದೇನೆ. ಅವರು ಹೇಳ್ತಿದ್ದದ್ದು ಇಷ್ಟೇ: "ಕಂಪನಿ ಮುಚ್ಚಿದಾಗ ನನಗೆ ಮೂರು ವಾರದಲ್ಲಿ ಕೆಲಸ ಸಿಕ್ಕಿತು, ಯಾಕೆ ಗೊತ್ತಾ? ಕಮಾಂಡ್ ಗಂಟೆ, ಅಂದರೆ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆ ಇತ್ತು. ಬಲಗಡೆ ಕೂತವರು ಒಂದೂವರೆ ವರ್ಷ ಕಾದರು." ಕೊಲ್ಲಿ ದೇಶದವರು ಕ್ಯಾಪ್ಟನ್‌ಗಳನ್ನು ನೇರವಾಗಿ ತಗೊಳ್ಳುವಾಗಲೂ ಮೊದಲು ಕೇಳೋದು ಅದನ್ನೇ. 787ರ ಬಲಗಡೆ ಕೂತು ಎಷ್ಟು ಸಾಗರ ದಾಟಿದರೂ ಆ ಕಾಲಂ ಸೊನ್ನೆಯೇ.

ಇಷ್ಟೆಲ್ಲ ಆದರೂ ಮನಸ್ಸು 787 ಅನ್ನುತ್ತಲೇ ಇತ್ತು. ಉತ್ತರ ಕೊಡೋಕೆ ಇನ್ನು ನಾಲ್ಕು ದಿನ ಇರುವಾಗ ಅರಸೀಕೆರೆಗೆ ಹೋದೆ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, 31 ವರ್ಷ ಸರ್ವಿಸ್. ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ವಿಮಾನ, ದೆಹಲಿ, ಸಂಬಳ ಎಲ್ಲ ಹೇಳಿದೆ. ಸುಲಿಯೋದನ್ನು ನಿಲ್ಲಿಸದೆ ಕೇಳಿದರು, "ಇಲ್ಲಿ ನಿನ್ನ ನಂಬರ್ ಎಷ್ಟು?" ಹೇಳಿದೆ. "ಅಲ್ಲಿ ಎಷ್ಟಾಗುತ್ತೆ?" ಕೊನೆ ಅಂದೆ.

ಆಗ ಕಾಯಿ ಕೆಳಗಿಟ್ಟರು. ನಾನು ಚಿಕ್ಕವನಿದ್ದಾಗ ಅಪ್ಪ ಮಂಗಳೂರು ಕಡೆಯ ಡಿಪೋದಿಂದ ಅರಸೀಕೆರೆಗೆ ತಾವೇ ಕೇಳಿಕೊಂಡು ವರ್ಗ ಮಾಡಿಸಿಕೊಂಡಿದ್ದರಂತೆ. ಅಜ್ಜಿಗೆ ಹುಷಾರಿರಲಿಲ್ಲ. ತಾವೇ ಕೇಳಿಕೊಂಡು ಬಂದವರು ಹೊಸ ಕಡೆ ಪಟ್ಟಿಯ ತಳಕ್ಕೇ. ಒಂಬತ್ತು ವರ್ಷದ ಸೀನಿಯಾರಿಟಿ ಹೋಯಿತು. ಒಳ್ಳೆಯ ಶೆಡ್ಯೂಲ್ ಎಲ್ಲ ಹಳಬರಿಗೆ, ಅಪ್ಪನಿಗೆ ಸಿಕ್ಕಿದ್ದು ನೈಟ್ ಔಟ್. ಸಂಜೆ ಬಸ್ ತಗೊಂಡು ಹೋಗಿ ಯಾವುದೋ ಹಳ್ಳಿಯಲ್ಲಿ ಬಸ್ಸಲ್ಲೇ ಮಲಗಿ, ಬೆಳಗ್ಗೆ ಮೊದಲನೇ ಟ್ರಿಪ್ ತರೋದು. ಮನೆಯವರ ಜೊತೆ ಇರೋಕೆ ಅಂತ ಊರಿಗೆ ಬಂದ ಮನುಷ್ಯ ಆರೇಳು ವರ್ಷ ರಾತ್ರಿ ಮನೆಯಲ್ಲಿ ಇದ್ದದ್ದೇ ಕಮ್ಮಿ. ನನಗೆ ನೆನಪಿದ್ದದ್ದು ಅವರ ಖಾಕಿ ಅಂಗಿಯ ಡೀಸೆಲ್ ವಾಸನೆ ಮಾತ್ರ, ಕಾರಣ ಅವತ್ತೇ ಗೊತ್ತಾಗಿದ್ದು.

"ನಾನು ಕೊನೇ ನಂಬರ್ ಆದ್ರೂ ಊರಿಗೆ ಬಂದೆ ಕಣಪ್ಪ. ನೀನು ಊರೂ ಬಿಟ್ಟು, ಕೊನೇ ನಂಬರೂ ಆಗ್ತೀಯಲ್ಲ" ಅಂದರು. ಹೋಗಬೇಡ ಅನ್ನಲಿಲ್ಲ. ಮತ್ತೆ ಕಾಯಿ ತಗೊಂಡರು.

ವಾಪಸ್ ಬರುವಾಗ ರೈಲಿನಲ್ಲಿ ಕೂತು ದೆಹಲಿಯ ಲೆಕ್ಕವನ್ನೂ ಹಾಕಿದೆ. ತಿಂಗಳಿಗೆ ಎಂಟು ದಿನ ರಜೆ ಅಂದುಕೊಂಡರೆ, ಎರಡು ಸಲ ಬೆಂಗಳೂರಿಗೆ ಬಂದುಹೋಗೋದಕ್ಕೇ ಹತ್ತಿರಹತ್ತಿರ ಮೂರು ದಿನ ಹೋಗುತ್ತೆ, ಅದೂ ಸ್ಟ್ಯಾಂಡ್‌ಬೈ ಟಿಕೆಟಿಗೆ ಸೀಟು ಸಿಕ್ಕರೆ. ಮಗಳಿಗೆ ಆಗ ಎರಡು ವರ್ಷ. ಇತ್ತ ಜುಲೈ 1ರಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರುತ್ತೆ ಅನ್ನೋದು ಖಚಿತವಾಗಿತ್ತು. ಅಷ್ಟೇ ವಿಮಾನ ಹಾರಿಸೋಕೂ ಪೈಲಟ್‌ಗಳು ಜಾಸ್ತಿ ಬೇಕು, ಅಂದರೆ ಪಟ್ಟಿ ಬೇಗ ಸರಿಯುತ್ತೆ ಅಂತ ಅಂದಾಜು ಮಾಡಿದೆ. ತುಮಕೂರು ಬರೋ ಹೊತ್ತಿಗೆ ಬೇಡ ಅಂತ ಇಮೇಲ್ ಬರೆದು ಕಳಿಸಿದ್ದೆ. ಅವರ ಕಡೆಯಿಂದ ಒಂದೇ ಸಾಲಿನ ಥ್ಯಾಂಕ್ಸ್.

ಆ ಮೇಲೆ ಎರಡು ವಾರ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಗೆಳೆಯ ವ್ಯಾಂಕೂವರ್‌ನ ಹಿಮದ ಫೋಟೋ ಹಾಕಿದಾಗೆಲ್ಲ ಫೋನ್ ಮಗುಚಿ ಇಡ್ತಿದ್ದೆ.

ಕಮಾಂಡ್ ಟ್ರೈನಿಂಗ್ ಹೋದ ವರ್ಷದ ಕೊನೆಯಲ್ಲಿ ಶುರುವಾಯಿತು. ಎ320ಯಲ್ಲಿ ಬಲಗಡೆ ಕೂತವರು ಬಲಗೈಯಲ್ಲಿ ವಿಮಾನ ತಿರುಗಿಸೋ ಸೈಡ್‌ಸ್ಟಿಕ್ ಹಿಡಿದು ಎಡಗೈಯನ್ನು ಎಂಜಿನ್ ಶಕ್ತಿ ಹೆಚ್ಚುಕಮ್ಮಿ ಮಾಡೋ ಥ್ರಸ್ಟ್ ಲಿವರ್ ಮೇಲೆ ಇಡ್ತಾರೆ. ಎಡಗಡೆಗೆ ಹೋದರೆ ಎರಡೂ ಅದಲುಬದಲು. ನಾಲ್ಕು ವರ್ಷ ಬಲಗೈಗೆ ಕಲಿಸಿದ್ದನ್ನೆಲ್ಲ ಎಡಗೈಗೆ ಮತ್ತೆ ಕಲಿಸಬೇಕಾಯಿತು. ಸಿಮ್ಯುಲೇಟರ್‌ನಲ್ಲಿ ಮೊದಲ ಲ್ಯಾಂಡಿಂಗ್, ಅಕ್ಷರ ಕಲಿಯೋ ಮಗು ಸ್ಲೇಟಿನಲ್ಲಿ ಗೀಚಿದ ಹಾಗಿತ್ತು. ಇನ್‌ಸ್ಟ್ರಕ್ಟರ್ ಸುಮ್ನೆ ನಕ್ಕರು.

ಮಾರ್ಚ್ ಹೊತ್ತಿಗೆ ಭುಜದ ಮೇಲೆ ಕ್ಯಾಪ್ಟನ್‌ನ ನಾಲ್ಕು ಗೆರೆ ಬಂತು. ಯುಗಾದಿಗೆ ಊರಿಗೆ ಹೋಗೋಣ ಅಂತ ರಜೆ ಕೇಳಿದೆ, ಸಿಗಲಿಲ್ಲ. ಕ್ಯಾಪ್ಟನ್‌ಗಳದ್ದೇ ಬೇರೆ ಸೀನಿಯಾರಿಟಿ ಪಟ್ಟಿ, ಅದರಲ್ಲಿ ಈಗ ನಾನೇ ಕೊನೆ. ಹಬ್ಬದ ದಿನ ಪಟ್ನಾದಲ್ಲಿ ನೈಟ್ ಹಾಲ್ಟ್. ಫೋನ್ ಮಾಡಿ ಹೇಳಿದಾಗ ಅಪ್ಪ ಎಷ್ಟು ಹೊತ್ತು ನಕ್ಕರು ಅಂದರೆ, ಆ ಕಡೆ ಅಮ್ಮ ಏನಾಯ್ತು ಅಂತ ಓಡಿ ಬಂದರು.

"ನೈಟ್ ಔಟ್ ಅನ್ನು" ಅಂದರು ಅಪ್ಪ.